ದೊಡ್ಡ ತಂಡದ ಎದುರು ಮಗ ಆಡಬೇಕೆ?

ಪ್ರಶ್ನೆ: ನಾವು ಮೂಲತಃ ದಾವಣಗೆರೆಯವರು, ಇಪ್ಪತ್ತೆರಡು ವರ್ಷಗಳಿಂದ ಅಮೆರಿಕದಲ್ಲಿದ್ದೇವೆ. ಹತ್ತೊಂಬತ್ತು ವರ್ಷದ ಮಗ ಇಲ್ಲಿಯ ಒಂದು ಸಣ್ಣ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಕೆಡವುವ ಆಟ) ತಂಡದಲ್ಲಿ, ರಕ್ಷಣೆಯ ಸೇಫ್ಟಿ ಎಂಬ ಸ್ಥಾನದಲ್ಲಿ ಆಡುತ್ತಾನೆ. ಚೆಂಡು ಒದ್ದು ಆಟ ಆರಂಭಿಸುವ ಕಿಕ್‌ಆಫ್‌ಗೆ ಇಳಿಯುವ ಹನ್ನೊಂದು ಮಂದಿಯಲ್ಲಿಯೂ ಇದ್ದಾನೆ. ತೂಕ 84 ಕಿಲೋ. ಸೆಪ್ಟೆಂಬರ್ ಮೊದಲ ಶನಿವಾರ ಅವರ ತಂಡಕ್ಕೆ ದೇಶದ ಅತಿ ದೊಡ್ಡ ತಂಡಗಳಲ್ಲೊಂದರ ಎದುರು ಪಂದ್ಯವಿದೆ. ಆ ತಂಡದ ಹುಡುಗರ ಚಿತ್ರ ನೋಡಿದಾಗಿನಿಂದ ನನಗೆ ರಾತ್ರಿ ಕಣ್ಣು ಹತ್ತುತ್ತಿಲ್ಲ. ಬಲಿಷ್ಠರ ಎದುರು ಆಡಿದರೆ ಗಾಯದ ಅಪಾಯ ನಿಜಕ್ಕೂ ಹೆಚ್ಚುತ್ತದೆಯೇ? ಇದೊಂದು ಪಂದ್ಯ ಬಿಟ್ಟುಬಿಡು ಎಂದು ಅವನಿಗೆ ಹೇಳಲೇ?

ಉತ್ತರ: ಹೇಳಬೇಡಿ, ತಾಯಿ. ಹಾಗೆಂದು ನಿಮ್ಮ ಭಯವನ್ನು ತಳ್ಳಿಹಾಕುತ್ತಿಲ್ಲ. ಈ ಆಟದಲ್ಲಿ ಭಯಪಡಬೇಕಾದ ಸಂಗತಿಗಳಿವೆ. ನೀವು ಅವುಗಳನ್ನೆಲ್ಲ ಸೆಪ್ಟೆಂಬರ್‌ನ ಒಂದು ಶನಿವಾರದ ತಲೆಗೆ ಕಟ್ಟಿದ್ದೀರಿ. ಆ ಶನಿವಾರದ ಪಾಲು ಎಷ್ಟು, ಉಳಿದ ದಿನಗಳ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ದಾವಣಗೆರೆಯವರಿಗೆ ಗರಡಿಮನೆಯ ವಿಷಯ ಹೇಳಿಕೊಡಬೇಕಿಲ್ಲ. ಕುಸ್ತಿಗೆ ಮುನ್ನ ಹಿರಿಯರು ಕುಳಿತು ಜೋಡಿ ಕಟ್ಟುತ್ತಾರೆ. ತೂಕ, ಅನುಭವ, ಹಿಂದಿನ ಪಟ್ಟು ಎಲ್ಲವನ್ನೂ ನೋಡಿ ಇವನಿಗೆ ಇವನು ಸರಿಸಾಟಿ ಎಂದ ಮೇಲೆಯೇ ಅಖಾಡಕ್ಕೆ ಬಿಡುತ್ತಾರೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೀಗೆ ಜೋಡಿ ಕಟ್ಟುವವರಿಲ್ಲ. ನಿಮ್ಮ ಮಗನ ಪಂದ್ಯದಂಥವು ಬಹುಮಟ್ಟಿಗೆ ಹಣದ ಒಪ್ಪಂದಗಳು. ಮೊದಲ ಶ್ರೇಣಿಯ ಎಫ್‌ಬಿಎಸ್ ತಂಡ ತನ್ನ ಮೈದಾನಕ್ಕೆ ಬಂದು ಆಡಲು ಎರಡನೇ ಶ್ರೇಣಿಯ ಎಫ್‌ಸಿಎಸ್ ತಂಡಕ್ಕೆ ಲಕ್ಷಗಟ್ಟಲೆ ಡಾಲರ್ ಕೊಡುತ್ತದೆ, ಆ ಹಣದಲ್ಲಿ ಸಣ್ಣ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ವರ್ಷ ತಳ್ಳುತ್ತದೆ. 2012ರಲ್ಲಿ ಸವಾನಾ ಸ್ಟೇಟ್ ಎಂಬ ಸಣ್ಣ ತಂಡ ಒಂದು ವಾರ ಓಕ್ಲಹೋಮ ಸ್ಟೇಟ್ ಎದುರು 84–0 ಅಂತರದಿಂದ ಸೋತಿತು. ಮರುವಾರ ಫ್ಲಾರಿಡ ಸ್ಟೇಟ್ ಎದುರು 55–0 ಆಗಿದ್ದಾಗ ಸಿಡಿಲು ಮಳೆಯಿಂದಾಗಿ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರನೆಯದರಲ್ಲಿಯೇ ಪಂದ್ಯ ನಿಂತಿತು. ಎರಡು ಪಂದ್ಯಗಳಿಂದ ಅವರಿಗೆ ಬಂದದ್ದು 8 ಲಕ್ಷ ಡಾಲರ್‌ಗೂ ಮಿಕ್ಕ ಹಣ. ಆ ಹುಡುಗರನ್ನು ಅಲ್ಲಿಗೆ ಕಳಿಸಿದ್ದು ಸರಿಯೇ ಎಂದು ನೀವು ಕೇಳಿದರೆ, ಸರಿಯಲ್ಲ ಎಂದೇ ಹೇಳುತ್ತೇನೆ. ಆದರೆ ಸೋಲು ಬೇರೆ, ಗಾಯ ಬೇರೆ. ಅಂಕಪಟ್ಟಿ ನೋಡಿ ಮೂಳೆ ಮುರಿತದ ಲೆಕ್ಕ ಹಾಕಲು ಬರುವುದಿಲ್ಲ.

ಇನ್ನೊಂದು ಕಡೆಯ ಉದಾಹರಣೆಯೂ ಇದೆ. 2007ರ ಸೆಪ್ಟೆಂಬರ್ 1ರಂದು ಅಪಲಾಚಿಯನ್ ಸ್ಟೇಟ್ ತಂಡ 4 ಲಕ್ಷ ಡಾಲರ್ ಪಡೆದು ಮಿಷಿಗನ್ ವಿಶ್ವವಿದ್ಯಾಲಯದ ಮೈದಾನಕ್ಕೆ ಹೋಯಿತು, 34–32ರಿಂದ ಗೆದ್ದು ಬಂತು. ಅದು ತನ್ನ ಶ್ರೇಣಿಯಲ್ಲಿ ಹಿಂದಿನ ಎರಡು ವರ್ಷ ಸತತ ಚಾಂಪಿಯನ್ ಆಗಿದ್ದ ತಂಡ. ‘ಬಲಿಷ್ಠ’, ‘ದುರ್ಬಲ’ ಎಂಬ ಮಾತು ಶ್ರೇಣಿಯ ಹೆಸರಿನಿಂದ ಬರಬಾರದು. ನಿಮ್ಮ ಮಗನ ತಂಡ ಎಂಥದು ಎಂಬುದೂ ಇಲ್ಲಿ ಮುಖ್ಯ.

ಈಗ ಅಂಕಿಗಳ ವಿಷಯ. ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 1980ರ ದಶಕದಿಂದ ಗಾಯಗಳ ದಾಖಲೆ ಇಡುತ್ತಿದೆ. 1988ರಿಂದ 2004ರ ವರೆಗಿನ ಹದಿನಾರು ಋತುಗಳ ದಾಖಲೆಯಂತೆ, ಆಟಗಾರರು ಪಂದ್ಯಕ್ಕೆ ಇಳಿದ ಪ್ರತಿ 1000 ಸಲಕ್ಕೆ 35.9 ಗಾಯಗಳಾಗಿವೆ. ಋತುವಿನ ಅಭ್ಯಾಸದಲ್ಲಿ ಅದೇ ಸಂಖ್ಯೆ 3.8. ವೈದ್ಯರ ಗಮನ ಬೇಕಾಗಿ, ಕನಿಷ್ಠ ಒಂದು ದಿನವಾದರೂ ಆಟಕ್ಕೆ ಅಡ್ಡಿಯಾದ ಪೆಟ್ಟುಗಳನ್ನಷ್ಟೇ ಇಲ್ಲಿ ಗಾಯ ಎಂದು ಎಣಿಸಿದ್ದಾರೆ. ಒಂದು ತಂಡದಿಂದ 50 ಹುಡುಗರು ಕಣಕ್ಕಿಳಿದರೆ ಪಂದ್ಯಕ್ಕೆ ಸರಾಸರಿ ಎರಡಕ್ಕೆ ಕೊಂಚ ಕಡಿಮೆ ಗಾಯ ಎಂದಾಯಿತು. ಪಂದ್ಯದ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನವು. ಮಂಡಿಯ ಒಳಗಿನ ಹಾನಿ ಸುಮಾರು ಶೇ 18, ಕಣಕಾಲು ಉಳುಕಿದ್ದು ಸುಮಾರು ಶೇ 16, ತಲೆಗೆ ಪೆಟ್ಟಾಗಿ ಮಿದುಳು ಅಲುಗುವ ಕನ್ಕಷನ್ ಸುಮಾರು ಶೇ 7.

ಈ ದರ ಎದುರಾಳಿ ಯಾರು ಎಂದು ನೋಡುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೂ ಒಂದಿದೆ. ಎಪ್ಪತ್ತು ಸಲ ಡಿಕ್ಕಿಗೆ ಒಡ್ಡಿಕೊಂಡ ಹುಡುಗನೂ ನಾಲ್ಕೇ ಸಲ ಮೈದಾನಕ್ಕೆ ಬಂದುಹೋದ ಹುಡುಗನೂ ಈ ಲೆಕ್ಕದಲ್ಲಿ ತಲಾ ‘ಒಂದು ಸಲ’. ಎರಡು ತಂಡಗಳ ನಡುವಿನ ಅಂತರ ಮುಖ್ಯವಾಗಿ ಕೆಲಸ ಮಾಡುವುದು ಈ ಎಪ್ಪತ್ತು ಮತ್ತು ನಾಲ್ಕರ ನಡುವೆ. ಗಾಯಾಳುಗಳು ಹೆಚ್ಚಾದಾಗ ತಂಡ ಸೋಲುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಸೋತ ತಂಡದಲ್ಲಿ ಗಾಯ ಹೆಚ್ಚು ಕಂಡರೆ ಎದುರಾಳಿಯ ಬಲದಿಂದ ಗಾಯವಾಯಿತೋ, ಗಾಯವಾದ್ದರಿಂದ ಎದುರಾಳಿ ಬಲಿಷ್ಠನಾಗಿ ಕಂಡನೋ ಎಂದು ಹೇಳಲು ಒಂದು ಪಂದ್ಯದ ವರದಿ ಸಾಲದು. ಆದ್ದರಿಂದ ನಾನು ಗಾಯ ಆಗುವ ಬಗೆಗಳನ್ನೇ ಒಂದೊಂದಾಗಿ ನೋಡುತ್ತೇನೆ. ಎದುರಾಳಿಯ ಬಲ ಅಲ್ಲಿ ಎಲ್ಲಿ ಬಂದು ಸೇರುತ್ತದೆ ಎಂಬುದು ಆಗ ಕಾಣುತ್ತದೆ.

ನೀವು ಚಿತ್ರದಲ್ಲಿ ನೋಡಿ ಬೆಚ್ಚಿದ್ದು ಮುಂಚೂಣಿಯ ದೈತ್ಯರನ್ನು ಎಂದು ಊಹಿಸುತ್ತೇನೆ, 140 ಕಿಲೋದ ಲೈನ್‌ಮನ್‌ಗಳನ್ನು. ನಿಮ್ಮ ಮಗನ ಸ್ಥಾನ ಅವರಿಂದ ದೂರ. ಸೇಫ್ಟಿ ಎಂದರೆ ರಕ್ಷಣೆಯ ಕೊನೆಯ ಕಾವಲುಗಾರ. ಹತ್ತಿಪ್ಪತ್ತು ಗಜ ಹಿಂದೆ ನಿಂತು, ಎಲ್ಲರನ್ನೂ ದಾಟಿ ಬಂದವನನ್ನು ಕೆಡವುವುದು ಅವನ ಕೆಲಸ. ಅವನ ಅಪಾಯ ವೇಗದಲ್ಲಿದೆ. ಶಾಲೆಯಲ್ಲಿ ಕಲಿತ ಲೆಕ್ಕವೇ ಸಾಕು: ಚಲನೆಯ ಶಕ್ತಿ ತೂಕದ ಜೊತೆ ನೇರವಾಗಿ ಏರುತ್ತದೆ, ವೇಗದ ಜೊತೆ ವರ್ಗದಲ್ಲಿ ಏರುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುವ 140 ಕಿಲೋದ ಲೈನ್‌ಮನ್‌ನಲ್ಲಿ ಇರುವುದು 630 ಜೂಲ್. ಸೆಕೆಂಡಿಗೆ 7 ಮೀಟರ್ ಓಡುವ 100 ಕಿಲೋದ ಓಟಗಾರನಲ್ಲಿ 2450 ಜೂಲ್. ಅದೇ ಓಟಗಾರ 8 ಮೀಟರ್ ಓಡಿದರೆ 3200. ದೊಡ್ಡ ತಂಡಕ್ಕೂ ಸಣ್ಣ ತಂಡಕ್ಕೂ ಇರುವ ವ್ಯತ್ಯಾಸ ಇಂಥದ್ದೇ: ಕಣ್ಣಿಗೆ ಕಾಣದ ಒಂದು ಮೀಟರ್, ಡಿಕ್ಕಿಯಲ್ಲಿ ಶೇ 30 ಹೆಚ್ಚಿನ ಶಕ್ತಿ. ಎದುರಾಳಿಯ ಬಲ ಅಪಾಯವನ್ನು ನಿಜವಾಗಿ ಹೆಚ್ಚಿಸುವ ಮೊದಲ ಜಾಗ ಇದು, ಇಲ್ಲಿ ನಿಮ್ಮ ಅಳುಕಿಗೆ ಆಧಾರವಿದೆ.

ಎರಡನೆಯದು ಯಾರೂ ಮುಟ್ಟದೆಯೇ ಆಗುವ ಗಾಯ. ಮಂಡಿಯ ಮುಂದಿನ ಲಿಗಮೆಂಟ್ ಹರಿಯುವುದು ಎಷ್ಟೋ ಸಲ ಒಬ್ಬನೇ ಓಡುತ್ತಾ ತಟ್ಟನೆ ತಿರುಗಿದಾಗ. ಮೊದಲೇ ಗೊತ್ತಿದ್ದ ತಿರುವಿಗಿಂತ ಕೊನೆಯ ಗಳಿಗೆಯಲ್ಲಿ ತೆಗೆದುಕೊಂಡ ತಿರುವಿನಲ್ಲಿ ಮಂಡಿಯ ಮೇಲೆ ಬೀಳುವ ಭಾರ ಹೆಚ್ಚು ಎಂದು ಪ್ರಯೋಗಾಲಯಗಳಲ್ಲಿ ಅಳೆದು ನೋಡಿದ್ದಾರೆ. ತನಗಿಂತ ಚುರುಕಾದವನನ್ನು ಹಿಂಬಾಲಿಸುವವನಿಗೆ ಇಂಥ ತಿರುವುಗಳೇ ಹೆಚ್ಚು. ಎದುರಾಳಿ ಮೈ ಮುಟ್ಟದೆಯೂ ಮಂಡಿಯನ್ನು ಕಾಡುವುದು ಹೀಗೆ.

ಮೂರನೆಯದು ದಣಿವು. ಮೊದಲ ಎರಡಕ್ಕಿಂತ ಹೆಚ್ಚಾಗಿ ಇದು ನನ್ನನ್ನು ಚಿಂತೆಗೀಡುಮಾಡುತ್ತದೆ. 2024ರ ಋತುವಿನ ತನಕ ಎಫ್‌ಬಿಎಸ್ ತಂಡ 85 ವಿದ್ಯಾರ್ಥಿವೇತನ ಕೊಡಬಹುದಿತ್ತು, ಎಫ್‌ಸಿಎಸ್ ತಂಡ 63. ಇಪ್ಪತ್ತೆರಡರ ಈ ಅಂತರ ಎಂದರೆ ಒಳ್ಳೆಯ ಬದಲಿ ಆಟಗಾರರ ಕೊರತೆ, ಅದು ಮೊದಲ ಕ್ವಾರ್ಟರ್‌ನಲ್ಲಿ ಕಾಣುವುದಿಲ್ಲ. ಸಣ್ಣ ತಂಡದ ಆಕ್ರಮಣ ಮೂರು ಯತ್ನಗಳಲ್ಲಿ ಹತ್ತು ಗಜ ಸಾಗಲಾರದೆ ಚೆಂಡು ಒಪ್ಪಿಸುತ್ತದೆ, ಅದರ ರಕ್ಷಣೆಯ ಹುಡುಗರು ನೀರು ಕುಡಿದು ಹೆಲ್ಮೆಟ್ ಕೆಳಗಿಡುವಷ್ಟರಲ್ಲಿ ಮತ್ತೆ ಮೈದಾನಕ್ಕೆ ಓಡಬೇಕು. ಮೂರನೇ ಕ್ವಾರ್ಟರ್ ಹೊತ್ತಿಗೆ ಕಾಲು ಸೋತಿರುತ್ತವೆ. ದಣಿದವನು ಕೆಡವುವಾಗ ಮೊಣಕಾಲು ಬಗ್ಗಿಸುವುದನ್ನು ಬಿಟ್ಟು ತಲೆ ಬಗ್ಗಿಸುತ್ತಾನೆ. ತಲೆ ಬಗ್ಗಿಸಿ ನೆತ್ತಿಯಿಂದ ಗುದ್ದುವುದು ಕುತ್ತಿಗೆಯ ಮೂಳೆಗೆ ಈ ಆಟದಲ್ಲಿ ಇರುವ ಅತಿ ಕೆಟ್ಟ ಅಪಾಯ. ಎದುರಿನ ತಂಡದಲ್ಲಿ ಅಷ್ಟು ಹೊತ್ತಿಗೆ ಎರಡನೇ ಸಾಲಿನವರು ಬಂದಿರುತ್ತಾರೆ. ಅವರದು ಹೊಸ ಕಾಲು, ತರಬೇತುದಾರರ ಕಣ್ಣಿಗೆ ಬೀಳುವ ಆತುರ ಬೇರೆ.

ಇದಕ್ಕೆ ಮದ್ದು ನಿಯಮದಲ್ಲಿಯೇ ಇದೆ. ಇಬ್ಬರು ತರಬೇತುದಾರರೂ ರೆಫರಿಯೂ ಒಪ್ಪಿದರೆ ಉಳಿದ ಕ್ವಾರ್ಟರ್‌ಗಳನ್ನು ಮೊಟಕು ಮಾಡಬಹುದು. ಸೋಲುವ ತಂಡದ ತರಬೇತುದಾರ ಬಾಯಿಬಿಟ್ಟು ಕೇಳುವುದನ್ನು ಅವಮಾನ ಎಂದು ತಿಳಿಯುವುದರಿಂದ ಈ ನಿಯಮ ಬಳಕೆಗೆ ಬರುವುದು ಕಡಿಮೆ. ನಲವತ್ತು ಅಂಕ ಹಿಂದೆ ಬಿದ್ದಾಗ ಮೊದಲ ಸಾಲಿನ ಹುಡುಗರನ್ನು ಮೈದಾನದಲ್ಲಿ ಉಳಿಸಿಕೊಳ್ಳುವುದಕ್ಕೆ ಒಂದೇ ಒಂದು ಒಳ್ಳೆಯ ಕಾರಣವನ್ನೂ ನಾನು ಇದುವರೆಗೆ ಕೇಳಿಲ್ಲ.

ಇನ್ನು ಕಿಕ್‌ಆಫ್. ನಿಮ್ಮ ಪ್ರಶ್ನೆಯಲ್ಲಿ ಅರ್ಧ ಸಾಲಿನಲ್ಲಿ ಬಂದುಹೋದ ಈ ಮಾತಿಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಒಂದು ತಂಡ ಚೆಂಡನ್ನು ಒದ್ದು ಮುನ್ನುಗ್ಗುತ್ತದೆ, ಇನ್ನೊಂದು ತಂಡದವನು ಅದನ್ನು ಹಿಡಿದು ಎದುರು ನುಗ್ಗುತ್ತಾನೆ. ಎರಡೂ ಕಡೆಯವರಿಗೆ ವೇಗ ತುಂಬಿಕೊಳ್ಳಲು ಹತ್ತಾರು ಗಜಗಳ ಬಯಲು ಸಿಗುತ್ತದೆ.

ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2015ರ ಸೆಪ್ಟೆಂಬರ್ 26ರಂದು ಸದರ್ನ್ ವಿಶ್ವವಿದ್ಯಾಲಯ ಎಂಬ ಎಫ್‌ಸಿಎಸ್ ತಂಡ ಜಾರ್ಜಿಯ ವಿಶ್ವವಿದ್ಯಾಲಯದ ಮೈದಾನದಲ್ಲಿ 48–6ರಿಂದ ಸೋತಿತು. ಆ ಪಂದ್ಯದ ಒಂದು ಕಿಕ್‌ಆಫ್‌ನಲ್ಲಿ ಸದರ್ನ್‌ನ ಡೆವನ್ ಗೇಲ್ಸ್‌ಗೆ ಕುತ್ತಿಗೆ ಮುರಿದು ಪಾರ್ಶ್ವವಾಯುವಾಯಿತು. ನೀವು ಹೆದರುತ್ತಿರುವುದು ಇಂಥದಕ್ಕೇ ಎಂದು ನನಗೆ ಗೊತ್ತು. ಆದರೆ ಅವನು ಡಿಕ್ಕಿ ಹೊಡೆದದ್ದು ಜಾರ್ಜಿಯದ ಯಾವ ದೈತ್ಯನಿಗೂ ಅಲ್ಲ, ಚೆಂಡು ಒದೆಯುವ ಹುಡುಗನಿಗೆ. ಅದಕ್ಕೂ ಐದು ವರ್ಷ ಮೊದಲು, 2010ರ ಅಕ್ಟೋಬರ್ 16ರಂದು, ರಟ್‌ಗರ್ಸ್ ವಿಶ್ವವಿದ್ಯಾಲಯದ ಎರಿಕ್ ಲೆಗ್ರಾಂಡ್ ಸೇನಾ ಅಕಾಡೆಮಿಯ ತಂಡದ ಎದುರು ಕಿಕ್‌ಆಫ್‌ನಲ್ಲಿಯೇ ಕುತ್ತಿಗೆ ಮುರಿದುಕೊಂಡು ಪಾರ್ಶ್ವವಾಯುವಿಗೆ ತುತ್ತಾದರು. ಆ ಪಂದ್ಯ ಸಮಬಲರದು, ಹೆಚ್ಚುವರಿ ಅವಧಿಗೆ ಹೋಗಿ 23–20ರಲ್ಲಿ ಮುಗಿಯಿತು, ಗೆದ್ದದ್ದು ರಟ್‌ಗರ್ಸ್. ಒಂದು ಕಡೆ ಆನೆ ಆಡಿನ ಪಂದ್ಯ, ಇನ್ನೊಂದು ಕಡೆ ಸರಿಸಮರ ಪಂದ್ಯ. ಎರಡರಲ್ಲಿಯೂ ಇದ್ದದ್ದು ಕಿಕ್‌ಆಫ್.

ಇದಕ್ಕೆ ಅಂಕಿಯ ಬೆಂಬಲವೂ ಇದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ 2016ರಲ್ಲಿ ಕಿಕ್‌ಆಫ್ ಒದೆಯುವ ಗೆರೆಯನ್ನು 35 ಗಜದಿಂದ 40 ಗಜಕ್ಕೆ ಸರಿಸಿತು. ಚೆಂಡು ಹೆಚ್ಚು ಸಲ ಕೊನೆಯ ಗೆರೆಯಾಚೆ ಹೋಗಿ ಆಟ ಅಲ್ಲಿಗೇ ನಿಲ್ಲಲಿ ಎಂಬುದು ಉದ್ದೇಶ. ಕಿಕ್‌ಆಫ್‌ಗಳಲ್ಲಿ ಪ್ರತಿ 1000ಕ್ಕೆ ಸುಮಾರು 11 ಇದ್ದ ಕನ್ಕಷನ್ ಸಂಖ್ಯೆ ಸುಮಾರು 2ಕ್ಕೆ ಇಳಿಯಿತು. ಎದುರಾಳಿಗಳು ಬದಲಾಗಲಿಲ್ಲ, ಯಾರ ತೂಕವೂ ಕಡಿಮೆಯಾಗಲಿಲ್ಲ. ಬದಲಾದದ್ದು ನಿಯಮ ಮಾತ್ರ. 2018ರಿಂದ ಎನ್‌ಸಿಎಎ ಕೂಡ, 25 ಗಜದ ಗೆರೆಯ ಒಳಗೆ ಚೆಂಡು ಹಿಡಿಯುವವನು ಕೈ ಎತ್ತಿ ಸನ್ನೆ ಮಾಡಿ ಓಡದೆ ಹಿಡಿದುಕೊಂಡರೆ ಆಟ 25ರಿಂದಲೇ ಆರಂಭವಾಗಲಿ ಎಂದು ನಿಯಮ ತಂದಿತು.

ಹಳೆಯ ಪಾಠವೂ ಇದೇ. 1905ರ ಒಂದೇ ಋತುವಿನಲ್ಲಿ ಈ ಆಟ ಕನಿಷ್ಠ 18 ಜನರ ಪ್ರಾಣ ತೆಗೆಯಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು, ಗುಂಪುಗಟ್ಟಿ ಒಬ್ಬನ ಮೇಲೆ ನುಗ್ಗುವ ವ್ಯೂಹಗಳಿಗೆ ಕಡಿವಾಣ ಬಿತ್ತು. ಡಿಕ್ಕಿ ಆಗುವ ರೀತಿಯನ್ನು ಬದಲಿಸಿ ಆಟವನ್ನು ಉಳಿಸಿಕೊಂಡರು.

ದೊಡ್ಡ ಪಂದ್ಯದಲ್ಲಿ ಇನ್ನೊಂದು ಅಪಾಯವಿದೆ, ಅದು ಹುಡುಗನ ಮನಸ್ಸಿನದು. ಆ ಶನಿವಾರ ಟಿವಿ ಕ್ಯಾಮೆರಾಗಳಿರುತ್ತವೆ, ವೃತ್ತಿಪರ ತಂಡಗಳ ಕಣ್ಣುಗಳಿರುತ್ತವೆ. ತಲೆ ಗಿರ್ರೆಂದರೂ, ದೀಪಗಳು ಎರಡೆರಡಾಗಿ ಕಂಡರೂ ಹುಡುಗ ಹೇಳುವುದಿಲ್ಲ. ಫ್ಲಾರಿಡ ವಿಶ್ವವಿದ್ಯಾಲಯದ ಕ್ರೀಡಾಪಟುಗಳ ಅಧ್ಯಯನವೊಂದರಲ್ಲಿ, ಕನ್ಕಷನ್ ಆದದ್ದನ್ನು ಕೂಡಲೇ ಹೇಳದೆ ಆಟ ಮುಂದುವರಿಸಿದವರು ಹೇಳಿದವರಿಗಿಂತ ಸರಾಸರಿ ಐದು ದಿನ ಹೆಚ್ಚು ಹೊರಗೆ ಕೂರಬೇಕಾಯಿತು. ನನ್ನ ಬಳಿ ಬಂದ ಹುಡುಗರಿಗೆ ಈ ಲೆಕ್ಕವನ್ನೇ ಹೇಳುತ್ತೇನೆ. ಮುಪ್ಪಿನಲ್ಲಿ ಮಿದುಳು ಏನಾದೀತು ಎಂದರೆ ಹತ್ತೊಂಬತ್ತರ ಕಿವಿಗೆ ಅದು ತಾಗುವುದಿಲ್ಲ, ಮುಂದಿನ ಪಂದ್ಯ ತಪ್ಪುತ್ತದೆ ಎಂದರೆ ತಾಗುತ್ತದೆ. ನೀವೂ ಹಾಗೆಯೇ ಹೇಳಿ ನೋಡಿ.

ಇಷ್ಟೆಲ್ಲ ಆ ಶನಿವಾರದ ಲೆಕ್ಕ. ಈಗ ನೀವು ಕೇಳದೆ ಬಿಟ್ಟ ಆಗಸ್ಟ್ ತಿಂಗಳಿಗೆ ಬರುತ್ತೇನೆ.

2015ರಿಂದ 2019ರ ವರೆಗೆ ಆರು ವಿಶ್ವವಿದ್ಯಾಲಯಗಳ 658 ಫುಟ್‌ಬಾಲ್ ಆಟಗಾರರ ಹೆಲ್ಮೆಟ್‌ಗಳಲ್ಲಿ ಸಂವೇದಕಗಳನ್ನಿಟ್ಟು ತಲೆಗೆ ಬೀಳುವ ಪ್ರತಿ ಪೆಟ್ಟನ್ನೂ ದಾಖಲಿಸಿದರು. ಅವರಿಗಾದ ಕನ್ಕಷನ್‌ಗಳಲ್ಲಿ ಶೇ 72 ಅಭ್ಯಾಸದಲ್ಲಿ ಆದವು. ಋತು ಆರಂಭಕ್ಕೆ ಮುಂಚಿನ ಶಿಬಿರ ಇಡೀ ಕಾಲಾವಧಿಯ ಐದನೇ ಒಂದು ಭಾಗ ಮಾತ್ರ, ಆದರೆ ಸುಮಾರು ಅರ್ಧದಷ್ಟು ಕನ್ಕಷನ್ ಆದದ್ದು ಆ ಶಿಬಿರದಲ್ಲಿಯೇ. ಇದು ಮೇಲಿನ 35.9 ಮತ್ತು 3.8ಕ್ಕೆ ವಿರುದ್ಧವಲ್ಲ. ಒಂದೊಂದು ದಿನವನ್ನು ತೂಗಿದರೆ ಪಂದ್ಯದ ದಿನವೇ ಭಾರ. ಆದರೆ ಪಂದ್ಯಗಳು ಹನ್ನೆರಡು, ಅಭ್ಯಾಸದ ದಿನಗಳು ಹಲವು ಪಟ್ಟು. ಹನಿ ಹನಿ ಸೇರಿ ಹಳ್ಳವಾಗುವುದು ಅಲ್ಲಿ. ದೊಡ್ಡ ವಿಶ್ವವಿದ್ಯಾಲಯದ ಆಟಗಾರನಿಗಂತೂ ವರ್ಷದ ಅತಿ ಬಲಿಷ್ಠ ಎದುರಾಳಿ ಬಹಳ ಸಲ ಅವನ ಸಹ ಆಟಗಾರನೇ. ಅವರಿಬ್ಬರೂ ಒಂದೇ ಸ್ಥಾನಕ್ಕಾಗಿ ಮಂಗಳವಾರ ಬೆಳಿಗ್ಗೆ ಒಬ್ಬರ ಮೇಲೊಬ್ಬರು ಬೀಳುತ್ತಿರುತ್ತಾರೆ, ನೋಡಲು ಪ್ರೇಕ್ಷಕರಿರುವುದಿಲ್ಲ.

ಪೆಟ್ಟೇ ಇಲ್ಲದ ಸಾವುಗಳೂ ಇವೆ. 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್ 110 ಗಜಗಳ ಓಟಗಳ ಅಭ್ಯಾಸದಲ್ಲಿ ಶಾಖಾಘಾತದಿಂದ ಕುಸಿದ. ಎರಡು ವಾರಗಳ ನಂತರ ತೀರಿಕೊಂಡ. ಅವನ ವಯಸ್ಸೂ ಹತ್ತೊಂಬತ್ತು. ಅವನನ್ನು ಕೂಡಲೇ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಬೇಕಿತ್ತು, ಅದು ಆಗಲಿಲ್ಲ ಎಂದು ನಂತರದ ತನಿಖೆ ಹೇಳಿತು. ವಿಶ್ವವಿದ್ಯಾಲಯದ ಅಧ್ಯಕ್ಷರು ಕಾನೂನಿನ ಮತ್ತು ನೈತಿಕ ಹೊಣೆಯನ್ನು ಒಪ್ಪಿಕೊಂಡರು. ಆ ದಿನ ಮೈದಾನದಲ್ಲಿ ಎದುರಾಳಿ ತಂಡವೇ ಇರಲಿಲ್ಲ.

ಹಾಗಾಗಿ ಮಗನಿಗೆ ಫೋನ್ ಮಾಡಿದಾಗ ಎದುರಾಳಿಗಳ ತೂಕದ ಮಾತು ಎತ್ತಬೇಡಿ. ತನ್ನನ್ನು ಅಮ್ಮ ಅಳುಕಿನವನು ಎಂದುಕೊಂಡಳು ಎಂದು ಅವನಿಗೆ ಅನ್ನಿಸಿದರೆ ಮುಂದೆ ಯಾವ ನೋವನ್ನೂ ನಿಮಗೆ ಹೇಳುವುದಿಲ್ಲ. ಪಂದ್ಯ ಬಿಡು ಎಂದರೆ ಅವನು ಬಿಡುವುದೂ ಇಲ್ಲ. ಹಿಂಜರಿಯುತ್ತ ಆಡುವವನು ಕೆಡವುವ ಕೊನೆಯ ಹೆಜ್ಜೆಯಲ್ಲಿ ವೇಗ ಕಳೆದುಕೊಂಡು ತಪ್ಪು ಕೋನದಲ್ಲಿ ಸಿಕ್ಕಿಬೀಳುತ್ತಾನೆ, ಅದು ಇನ್ನೊಂದು ಅಪಾಯ.

ಕೇಳಬೇಕಾದದ್ದು ಬೇರೆ. ಬೇಸಿಗೆಯಲ್ಲಿ ಅವನು ಓಟವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿದ್ದಾನೆಯೇ, ಅಥವಾ ಜುಲೈ ಕೊನೆಯಲ್ಲಿ ಒಮ್ಮೆಲೇ ಆರಂಭಿಸಲಿದ್ದಾನೆಯೇ? ಹಳೆಯ ಕಣಕಾಲು ಉಳುಕು ಏನಾದರೂ ಇದ್ದರೆ ಅದು ಪೂರ್ತಿ ವಾಸಿಯಾಗಿದೆಯೇ? ಸೇಫ್ಟಿಯಾಗಿ ಪೂರ್ತಿ ಪಂದ್ಯ ಆಡುವವನು ಕಿಕ್‌ಆಫ್‌ಗೂ ಇಳಿಯಲೇಬೇಕೆ? ಈ ಕೊನೆಯ ಪ್ರಶ್ನೆಯನ್ನು ಅವನೇ ತರಬೇತುದಾರರ ಬಳಿ ಎತ್ತಬಹುದು. ದಣಿವಿನ ಲೆಕ್ಕ ಕೊಟ್ಟು ಕೇಳಿದರೆ ಅದರಲ್ಲಿ ಹೇಡಿತನ ಏನೂ ಇಲ್ಲ. ಬೆಂಚಿನಲ್ಲಿ ಕೂತ ಇನ್ನೊಬ್ಬ ಹುಡುಗ ಅದೇ ಅವಕಾಶಕ್ಕಾಗಿ ಕಾಯುತ್ತಿರುತ್ತಾನೆ. ಒಂದು ಬದಲಾವಣೆಯನ್ನು ಆರಿಸಿಕೊಳ್ಳಲು ನನಗೆ ಬಿಟ್ಟರೆ ನಾನು ಆರಿಸಿಕೊಳ್ಳುವುದು ಇದನ್ನೇ.

ನೀವು ನೇರವಾಗಿ ಮಾತನಾಡಬೇಕಾದವರು ತಂಡದ ಅಥ್ಲೆಟಿಕ್ ಟ್ರೈನರ್, ಎಂದರೆ ಆಟಗಾರರ ಗಾಯಗಳನ್ನು ನೋಡಿಕೊಳ್ಳುವವರು. ಗಾಯಗೊಂಡವನನ್ನು ಹೊರಗೆ ಕೂರಿಸುವ ಅಂತಿಮ ಅಧಿಕಾರ ಎನ್‌ಸಿಎಎ ನಿಯಮದಂತೆ ವೈದ್ಯಕೀಯ ಸಿಬ್ಬಂದಿಯದು, ತರಬೇತುದಾರರದಲ್ಲ. ಮಗನ ವೈಯಕ್ತಿಕ ವಿವರಗಳನ್ನು ಅವನ ಒಪ್ಪಿಗೆಯಿಲ್ಲದೆ ಅವರು ನಿಮಗೆ ಹೇಳಲಾರರು, ಏಕೆಂದರೆ ಅವನು ವಯಸ್ಕ. ಆದರೆ ತಂಡದ ವ್ಯವಸ್ಥೆಯ ಬಗ್ಗೆ ಕೇಳಿದರೆ ಉತ್ತರ ಸಿಗುತ್ತದೆ. ಶಿಬಿರದಲ್ಲಿ ವಾರಕ್ಕೆ ಎಷ್ಟು ದಿನ ಪೂರ್ಣ ಡಿಕ್ಕಿಯ ಅಭ್ಯಾಸ ಎಂದು ಕೇಳಿ. ಬಳಿಕ, ಆಗಸ್ಟ್ ಬಿಸಿಲಲ್ಲಿ ಹುಡುಗರು ಓಡುವಾಗ ತಣ್ಣೀರಿನ ತೊಟ್ಟಿ ಎಲ್ಲಿರುತ್ತದೆ ಎಂದು ಕೇಳಿ. ಮೈದಾನದ ಅಂಚಿನಲ್ಲಿ, ನೀರು ಮಂಜುಗಡ್ಡೆ ತುಂಬಿಯೇ ಇಟ್ಟಿರುತ್ತೇವೆ ಎಂದು ಅವರು ತಡವರಿಸದೆ ಹೇಳಿದರೆ ನೀವು ಆ ರಾತ್ರಿ ಮಲಗಬಹುದು. ಕಟ್ಟಡದ ಒಳಗೆ ಎಲ್ಲೋ ಇದೆ, ಬೇಕಾದಾಗ ತರಿಸುತ್ತೇವೆ ಎಂದರೆ, ಮರುದಿನ ಬೆಳಿಗ್ಗೆ ಮತ್ತೆ ಫೋನ್ ಮಾಡಿ.